ಒಂದೇ ಲೆಕ್ಕ, ಬೇರೆ ಬೇರೆ ಅಂಕಿ: ಆನ್‌ಲೈನ್ ಗಣಿತ ಪ್ರಶ್ನೆಗಳು ಬೆಳೆದು ಬಂದ ಬಗೆ

ಆನ್‌ಲೈನ್ ಕಲಿಕಾ ತಾಣದಲ್ಲಿ ಒಂದೇ ತರಗತಿಯ ಮಕ್ಕಳು ಒಂದೇ ಕ್ವಿಜ್ ತೆರೆದಾಗ ಲೆಕ್ಕದ ಜಾತಿ ಒಂದೇ ಇದ್ದು, ಅಂಕಿಗಳು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬರುವಂತೆ ಮಾಡುವುದುಂಟು. ಇಂಥವನ್ನು ಯಾದೃಚ್ಛಿಕ ಪ್ರಶ್ನೆಗಳೆನ್ನುತ್ತಾರೆ. ಕರ್ನಾಟಕದ ಸಿಇಟಿಯಲ್ಲಿ ವರ್ಷನ್ ಕೋಡ್ ಬದಲಾದರೆ ಪ್ರಶ್ನೆಗಳ ಸರದಿ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಇಲ್ಲಿ ಪ್ರಶ್ನೆಯೇ ಹೊಸದು. ಶಿಕ್ಷಕರು ಬರೆಯುವುದು ಪ್ರಶ್ನೆಯ ಅಚ್ಚನ್ನು: ಎಲ್ಲೆಲ್ಲಿ ಅಂಕಿ ಬದಲಾಗಬೇಕು, ಯಾವ ಅಂಕಿಗಳು ಅಲ್ಲಿ ಕೂರಬಹುದು, ಉತ್ತರ ಯಾವ ಸೂತ್ರದಿಂದ ಬರುತ್ತದೆ ಎಂಬುದನ್ನು. ಉಳಿದ ಕೆಲಸ ಕಂಪ್ಯೂಟರಿನದು.

ಒಂದು ಸೂತ್ರ ಹೇಳಿ ಅದಕ್ಕೆ ಹಲವು ಉದಾಹರಣೆ ಕಟ್ಟುವ ಕಲೆ ಕನ್ನಡ ನಾಡಿಗೆ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಉದಾಹರಣೆ ಕಟ್ಟುವವನಿಗೆ ಸೂತ್ರ ಗೊತ್ತಿದ್ದರೆ ಸಾಲದು, ಲೆಕ್ಕ ಹದವಾಗಿ ಬಿಡುವಂಥ ಅಂಕಿ ಆರಿಸುವುದೂ ಗೊತ್ತಿರಬೇಕು. ಯಂತ್ರಕ್ಕೆ ಕಲಿಸಬೇಕಾಗಿ ಬಂದದ್ದು ಈ ಎರಡನೆಯ ಜಾಣ್ಮೆಯನ್ನು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಅವರ ಪ್ಲೇಟೋ ಎಂಬ ಕಂಪ್ಯೂಟರ್ ಕಲಿಕಾ ವ್ಯವಸ್ಥೆ ಶುರುವಾಯಿತು. ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಸಪ್ಪೀಸ್ ಶಾಲಾ ಮಕ್ಕಳಿಗೆ ಕಂಪ್ಯೂಟರಿನಿಂದ ಅಂಕಗಣಿತದ ಅಭ್ಯಾಸ ಮಾಡಿಸಿದರು. ಈ ಕ್ಷೇತ್ರದ ನಿಜವಾದ ಅಡಿಗಲ್ಲು ಮಾತ್ರ 1968ರದು. ವೆಲ್ಸ್ ಹೈವ್ಲಿ ಮತ್ತು ಸಂಗಡಿಗರು ಆ ವರ್ಷ ಒಂದೊಂದು ಪ್ರಶ್ನೆಯ ಬದಲು ಪ್ರಶ್ನೆಯ ನಮೂನೆಯನ್ನೂ ಅದರ ನಿಯಮಗಳನ್ನೂ ಬರೆದಿಡುವ ಕ್ರಮವನ್ನು ಮುಂದಿಟ್ಟರು. 23 + 45 ದಶಕರಹಿತ ಸಂಕಲನ, 27 + 48 ದಶಕಸಹಿತ. ಎರಡೂ ಎರಡಂಕಿಯ ಕೂಡುವ ಲೆಕ್ಕಗಳೇ ಆದರೂ ಮಗುವಿಗೆ ಎರಡೂ ಒಂದೇ ಅಲ್ಲ. ನಿಯಮ ಬರೆಯದೆ ಅಂಕಿಗಳನ್ನು ಚೀಟಿ ಎತ್ತಿದಂತೆ ಎತ್ತಿದರೆ ಒಬ್ಬರಿಗೆ ಸುಲಭದ್ದು, ಇನ್ನೊಬ್ಬರಿಗೆ ಕಷ್ಟದ್ದು ಸಿಗುತ್ತದೆ.

ಕಂಪ್ಯೂಟರ್ ಎತ್ತುವ ಚೀಟಿಯೂ ಪೂರಾ ಆಕಸ್ಮಿಕವಲ್ಲ. 1949ರಲ್ಲಿ ಡಿ. ಎಚ್. ಲೆಹ್ಮರ್ ಸೂಚಿಸಿದ ಜಾಡಿನಲ್ಲಿ, ಒಂದು ಸಂಖ್ಯೆಯನ್ನು ಗುಣಿಸಿ, ಕೂಡಿಸಿ, ಭಾಗಿಸಿ ಉಳಿದ ಶೇಷವನ್ನೇ ಮುಂದಿನ ಸಂಖ್ಯೆಯಾಗಿ ಹಿಡಿಯಬಹುದು. 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸಿದ ಶೇಷ ಹಿಡಿದರೆ 7ರ ನಂತರ 6, 1, 8, 11 ಹೀಗೆ ಸಾಗುತ್ತದೆ. ಮೊದಲ ಸಂಖ್ಯೆ ಬೀಜ. ಬೀಜ ಅದೇ ಇದ್ದರೆ ಸಾಲೂ ಅದೇ. ಕ್ವಿಜ್‌ಗೆ ಇದು ವರವಾಯಿತು. ವಿದ್ಯಾರ್ಥಿಯ ಹೆಸರಿಗೆ ಬೀಜವೊಂದನ್ನು ಬರೆದಿಟ್ಟರೆ ಮರುದಿನ ಲಾಗಿನ್ ಆದಾಗಲೂ ಅದೇ ಲೆಕ್ಕ ಎದುರಾಗುತ್ತದೆ, ಶಿಕ್ಷಕರಿಗೂ ಅದನ್ನು ತೆರೆದು ನೋಡಲು ಬರುತ್ತದೆ. 1990ರ ದಶಕದಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಾಪಾ, ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಪೈಜರ್ ಮತ್ತು ಮೈಕೆಲ್ ಗೇಜ್ ಕಟ್ಟಿದ ವೆಬ್‌ವರ್ಕ್ ಇವೆರಡೂ ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಅಂಕಿಯ ಮನೆಗೆಲಸ ಕೊಡತೊಡಗಿದವು.

2002ರಲ್ಲಿ ಮಾರ್ಟಿನ್ ಡೌಗಿಯಾಮಸ್ ಆಸ್ಟ್ರೇಲಿಯಾದಿಂದ ಹೊರತಂದ ಮೂಡಲ್ ಎಂಬ ಕಲಿಕಾ ತಾಣ ಉಚಿತ ತಂತ್ರಾಂಶವಾದ್ದರಿಂದ ಈ ಅನುಕೂಲ ಸಾಮಾನ್ಯ ಕಾಲೇಜುಗಳಿಗೂ ಮುಟ್ಟಿತು. ಅದರ ‘ಕ್ಯಾಲ್ಕುಲೇಟೆಡ್’ ಮಾದರಿಯಲ್ಲಿ ಪುಷ್ಪಾವರಣದೊಳಗೆ ಅಕ್ಷರ ಬರೆದರೆ ಅಲ್ಲಿಗೆ ಅಂಕಿ ಬಂದು ಕೂರುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳಲ್ಲಿ ಮೂಡಲ್‌ನ ಪ್ರಶ್ನೆಕೋಶ, ಕ್ವಿಜ್‌ಗಳ ಸರಣಿಯೂ ಇದೆ.

ಮೂಡಲ್‌ನ ‘ಕ್ಯಾಲ್ಕುಲೇಟೆಡ್’ ಮಾದರಿ ಸಂಖ್ಯೆಯ ಉತ್ತರವನ್ನಷ್ಟೇ ತಿದ್ದುತ್ತದೆ. ಬೀಜಗಣಿತದ ಉತ್ತರವನ್ನೂ ತಿದ್ದಬಲ್ಲದು ಕ್ರಿಸ್ ಸ್ಯಾಂಗ್ವಿನ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುಮಾಡಿದ ಸ್ಟ್ಯಾಕ್. ಅದರ ಬೆನ್ನಿಗೆ ಮ್ಯಾಕ್ಸಿಮಾ ಎಂಬ ಬೀಜಗಣಿತ ತಂತ್ರಾಂಶವಿದೆ. ಹೀಗಾಗಿ ಒಬ್ಬರು (x + 1)² ಎಂದೂ ಇನ್ನೊಬ್ಬರು x² + 2x + 1 ಎಂದೂ ಬರೆದರೆ ಎರಡೂ ಒಂದೇ ಎಂದು ಅದಕ್ಕೆ ತಿಳಿಯುತ್ತದೆ. ಅಂಕಿಗಳ ಯಾವ ಯಾವ ಜೋಡಣೆ ಮಕ್ಕಳ ಮುಂದೆ ಹೋಗಬೇಕೆಂಬುದನ್ನು ಶಿಕ್ಷಕರು ಮೊದಲೇ ನೋಡಿ ಆರಿಸಿಡಲೂ ಅದರಲ್ಲಿ ಅವಕಾಶವಿದೆ. ಇದು ಬಲು ವಿವೇಕದ ಏರ್ಪಾಡು.

ಅಚ್ಚು ಬರೆಯುವವರ ಹೆಚ್ಚಿನ ಶ್ರಮವೆಲ್ಲ ಬೇಲಿ ಹಾಕುವುದರಲ್ಲೇ ಕಳೆಯುತ್ತದೆ. ವರ್ಗ ಸಮೀಕರಣದ ಗುಣಕಗಳನ್ನು ಕಣ್ಣುಮುಚ್ಚಿ ಎತ್ತಿದರೆ x² + 3x + 7 = 0 ಬಂದೀತು; ಅದಕ್ಕೆ ವಾಸ್ತವ ಮೂಲಗಳೇ ಇಲ್ಲ. ಆದ್ದರಿಂದ ಹಿಂದಿನಿಂದ ಹೊರಡಬೇಕು: −4, 7 ಎಂಬ ಮೂಲಗಳನ್ನು ಮೊದಲು ಎತ್ತಿ x² − 3x − 28 = 0 ಕಟ್ಟಬೇಕು. −9ರಿಂದ 9ರವರೆಗೆ ಸೊನ್ನೆ ಬಿಟ್ಟು ಎರಡು ಬೇರೆ ಮೂಲಗಳನ್ನು ಆರಿಸಿದರೆ 153 ಸಮೀಕರಣಗಳು ಸಿಗುತ್ತವೆ. x ಪದವೇ ಮಾಯವಾಗುವ 9ನ್ನು ತೆಗೆದರೆ 144. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಇನ್ನೊಂದು ಗುಂಡಿಯಿದೆ. ಸರಿಯುತ್ತರ ಗುಣಲಬ್ಧ, ತಪ್ಪುತ್ತರ ಮೊತ್ತ ಎಂದಿಟ್ಟಾಗ 2 ಮತ್ತು 2 ಬಂದರೆ ಎರಡು ಆಯ್ಕೆಗಳಲ್ಲೂ 4 ಇರುತ್ತದೆ.

ಮಾತಿನ ಲೆಕ್ಕಗಳಿಗೆ ಊರಿನ ಬೇಲಿಯೂ ಬೇಕು. ಮಹಾರಾಷ್ಟ್ರದ ಠಾಣೆ ಪೂರ್ವದ ಕೋಪರಿಯ ಮಗುವಿಗೆ ಠಾಣೆಯಿಂದ ಕಲ್ಯಾಣಕ್ಕೆ 73 ಕಿ.ಮೀ. ಎಂದರೆ ಲೆಕ್ಕದ ಮೇಲಿನ ನಂಬಿಕೆಯೇ ಹೋಗುತ್ತದೆ. ದಿನವೂ ಲೋಕಲ್ ಓಡುವ ದಾರಿ ಅದು, ಸುಮಾರು 20 ಕಿ.ಮೀ. ಆದ್ದರಿಂದ ದೂರವನ್ನು ಹಾಗೇ ಇಟ್ಟು ವೇಗವನ್ನು ಬದಲಿಸಬೇಕು. ಗಂಟೆಗೆ 24ರಿಂದ 60 ಕಿ.ಮೀ. ಒಳಗೆ, ಉತ್ತರ ಪೂರ್ಣ ನಿಮಿಷಗಳಲ್ಲಿ ಬರುವ ಪೂರ್ಣಾಂಕ ವೇಗಗಳು ಏಳೇ: 24, 25, 30, 40, 48, 50, 60. ಏಳಾದರೂ ಸಾಕು, ಪಕ್ಕದವರ ಉತ್ತರ ನೋಡಿ ಬರೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಕನ್ನಡದಲ್ಲಿ ಅಚ್ಚು ಬರೆಯುವವರಿಗೆ ವ್ಯಾಕರಣವೇ ಇನ್ನೊಂದು ಬೇಲಿ. ಇಂಗ್ಲಿಷಿನಲ್ಲಿ ಅಂಕಿ ಬದಲಾದರೂ ಅದರ ಹಿಂದುಮುಂದಿನ ಮಾತು ಹೆಚ್ಚಾಗಿ ಹಾಗೇ ಉಳಿಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಅಂಕಿಗೇ ಅಂಟುತ್ತದೆ: ‘500ರಿಂದ ಕಳೆಯಿರಿ’ ಸರಿ, ಆದರೆ ಅದೇ ಜಾಗಕ್ಕೆ 1000 ಬಂದರೆ ‘1000ದಿಂದ’ ಆಗಬೇಕು, ಐನೂರರಿಂದ, ಸಾವಿರದಿಂದ ಎಂದು ತಾನೇ ಓದುವುದು. ‘500ನ್ನು’, ‘1000ವನ್ನು’ ಎಂಬಲ್ಲಿಯೂ ಅದೇ ಕಥೆ. ಮನುಷ್ಯರನ್ನು ಎಣಿಸುವಾಗ ಒಬ್ಬ, ಇಬ್ಬರು, ಮೂವರು, ನಾಲ್ವರು ಎನ್ನುವ ಭಾಷೆಗೆ ‘1 ಮಂದಿ’ ಒಗ್ಗುವುದಿಲ್ಲ. ಹೆಸರನ್ನೂ ಬದಲಿಸುವುದಾದರೆ ಕ್ರಿಯಾಪದ ಜೊತೆಗೇ ಬದಲಾಗಬೇಕು: ರವಿ ಕೊಂಡನು, ಲತಾ ಕೊಂಡಳು. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು ಪ್ರಶ್ನೆ ಉತ್ಪಾದಿಸಿ ಮೂಡಲ್‌ಗೆ ಏರಿಸುವವರು ಹೆಸರು ಮತ್ತು ಕ್ರಿಯಾಪದವನ್ನು ಜೋಡಿಯಾಗಿಯೇ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದು. ಪ್ರತ್ಯಯದ ತೊಡಕಿಗೆ ಸುಲಭದ ಪರಿಹಾರವೆಂದರೆ ಅಂಕಿಯ ಪಕ್ಕ ಒಂದು ನಾಮಪದ ಇಡುವುದು: ‘500 ರೂಪಾಯಿಯಿಂದ’, ‘1000 ರೂಪಾಯಿಯಿಂದ’. ಪ್ರತ್ಯಯ ಆಗ ರೂಪಾಯಿಗೆ ಅಂಟುತ್ತದೆ, ಅಂಕಿ ಏನೇ ಬಂದರೂ ವಾಕ್ಯ ಕೆಡುವುದಿಲ್ಲ.

ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಗಣಿತದ ಪಠ್ಯಪುಸ್ತಕ ಪ್ರಕಟಿಸುತ್ತದೆ. ಆ ಪುಸ್ತಕಗಳ ಅಭ್ಯಾಸದ ಲೆಕ್ಕಗಳಲ್ಲಿ ಮಾತು ಮೊದಲೇ ಕನ್ನಡದ್ದು. ಅವನ್ನು ಪ್ರಶ್ನೆಯ ಅಚ್ಚಾಗಿ ಬದಲಿಸುವಾಗ ಉಳಿಯುವ ಕೆಲಸ ಬದಲಾಗುವ ಅಂಕಿಯನ್ನು ಗುರುತಿಸುವುದು, ಬೇಲಿ ಹಾಕುವುದು, ಪ್ರತ್ಯಯವನ್ನು ಅಂಕಿಯಿಂದ ಬಿಡಿಸುವುದು, ಮತ್ತು ಹೊರಬಂದ ಒಂದೊಂದು ಲೆಕ್ಕವನ್ನೂ ಮಕ್ಕಳಿಗೆ ಕೊಡುವ ಮುನ್ನ ಒಮ್ಮೆ ಬಿಡಿಸಿ ನೋಡುವುದು.