ರಾಬಿನ್ ಹುಡ್, ವೀರಪ್ಪನ್ ಮತ್ತು ಒಬ್ಬ ವಿದ್ಯಾರ್ಥಿಯ ಪ್ರಶ್ನೆ



ಕಾಲು ಶತಮಾನದಿಂದ ನಾನೊಂದು ಉತ್ತರವನ್ನು ಬಾಕಿ ಉಳಿಸಿಕೊಂಡಿದ್ದೇನೆ. 2000ದ ಜುಲೈ 30ರಂದು ತಾಳವಾಡಿ ಸಮೀಪದ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ, ನವೆಂಬರ್ 15ರಂದು. ಆ ನಡುವೆ ಒಂದು ದಿನ ಕೊಳ್ಳೇಗಾಲದಲ್ಲಿ ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೆ ರಾಬಿನ್ ಹುಡ್‌ನ ಕಥೆ ಹೇಳುತ್ತಿದ್ದೆ. ಹನೂರು ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಹಾಗಾದರೆ ವೀರಪ್ಪನ್ನೂ ರಾಬಿನ್ ಹುಡ್ ತಾನೆ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ನಾನು ಅವನನ್ನು ಗದರಿಸಿ ಕೂರಿಸಿದೆ. ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ನನ್ನಲ್ಲಿ ಉತ್ತರವಿರಲಿಲ್ಲ.

ಸಾಹಸಕಥೆಗಳ ರಮ್ಯ ನಾಯಕನ ಚಿತ್ರ ಯೂರೋಪಿನಲ್ಲಿ ಸ್ಪಷ್ಟವಾಗಿ ಮೂಡಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. 1781ರಲ್ಲಿ ಜರ್ಮನಿಯ ಷಿಲ್ಲರ್ ದರೋಡೆಕೋರರನ್ನು ಕುರಿತ ತನ್ನ ಪ್ರಸಿದ್ಧ ನಾಟಕವನ್ನು ಪ್ರಕಟಿಸಿದ. 1814ರಲ್ಲಿ ಬೈರನ್ ಕಡಲುಗಳ್ಳನೊಬ್ಬನನ್ನು ತನ್ನ ಕಥನಕಾವ್ಯದ ನಾಯಕನನ್ನಾಗಿ ಮಾಡಿದ. 1819ರ ಕೊನೆಯಲ್ಲಿ ಹೊರಬಂದ ಸ್ಕಾಟ್‌ನ 'ಐವನ್‌ಹೋ' ಕಾದಂಬರಿ ರಾಬಿನ್ ಹುಡ್‌ಗೆ ಹೊಸ ಜೀವ ಕೊಟ್ಟಿತು. ಈ ನಾಯಕರಿಗೆ ಸಮಾನವಾದ ಕೆಲವು ಲಕ್ಷಣಗಳಿವೆ. ಅವರು ಸಮಾಜದಿಂದಲೋ ಸ್ವಂತ ಮನೆಯವರಿಂದಲೋ ಅನ್ಯಾಯಕ್ಕೊಳಗಾದವರು. ಕಾನೂನಿನ ಹೊರಗೆ, ಕಾಡಿನಲ್ಲೋ ಕಡಲಿನಲ್ಲೋ ನೆಲೆ ಕಂಡುಕೊಂಡವರು. ನಿಷ್ಠ ಅನುಚರರಿದ್ದೂ ಒಂಟಿಗಳು. ಯಾರೂ ವಿಧಿಸದ ಒಂದು ಧರ್ಮವನ್ನು ತಾವೇ ವಿಧಿಸಿಕೊಂಡವರು.

ಸ್ಕಾಟ್‌ನ ಹೆಸರು ಕೇಳುವ ಮೊದಲೇ ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳ ಕಿವಿ ಇಂಥ ಕಥೆಗೆ ಹದವಾಗಿರುತ್ತದೆ. ಕಂಸಾಳೆಯವರು ಹಾಡುವ ಮಾದಪ್ಪನೂ ಎಪ್ಪತ್ತೇಳು ಮಲೆಗೆ ಬಂದು ನೆಲೆಸಿದವನು, ಹುಲಿಯನ್ನು ವಾಹನ ಮಾಡಿಕೊಂಡವನು, ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯ ಸೊಕ್ಕು ಮುರಿದವನು. ಎರಡು ರಾಜ್ಯಗಳ ಪೊಲೀಸರಿಗೆ ಸಿಗದೆ ಅದೇ ಮಲೆಗಳಲ್ಲಿ ತಿರುಗುತ್ತಿದ್ದ ಮೀಸೆಯ ಮನುಷ್ಯ ಹುಡುಗನೊಬ್ಬನಿಗೆ ನಾಯಕನಂತೆ ಕಂಡದ್ದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕಾಡಂಚಿನ ಬಡವರು ಅನುಭವಿಸಿದ ಹಿಂಸೆ ಕಡಿಮೆಯದಲ್ಲ. ಆ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು; 2007ರಲ್ಲಿ ಹಲವರಿಗೆ ಪರಿಹಾರ ನೀಡಲು ಸೂಚಿಸಿತು. ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ದರೋಡೆಕೋರರನ್ನು ಕುರಿತ ತಮ್ಮ 1969ರ ಗ್ರಂಥದಲ್ಲಿ ಇಂಥದನ್ನೇ ಚರ್ಚಿಸಿದ್ದಾರೆ. ಆಳುವವರಿಂದ ನ್ಯಾಯ ಸಿಗದ ಹಳ್ಳಿಗರು ಆಳುವವರನ್ನು ಎದುರಿಸಿದವನಲ್ಲಿ ನಾಯಕನನ್ನು ಕಾಣುತ್ತಾರೆ.

ಆದರೆ ರಮ್ಯ ನಾಯಕನ ಕೊನೆಯ ಲಕ್ಷಣವೊಂದಿದೆ. ಷಿಲ್ಲರನ ನಾಯಕ ಕಾರ್ಲ್ ಮೂರ್ ಅಂತ್ಯದಲ್ಲಿ ತನ್ನ ಕೃತ್ಯಗಳಿಗೆ ತಾನೇ ಹೊಣೆ ಎಂದು ಒಪ್ಪಿ, ಕಾನೂನಿಗೆ ಶರಣಾಗಲು ಹೊರಡುತ್ತಾನೆ. ಹನ್ನೊಂದು ಮಕ್ಕಳ ತಂದೆಯಾದ ಬಡ ಕೂಲಿಯೊಬ್ಬ ತನ್ನನ್ನು ಹಿಡಿದುಕೊಟ್ಟು ಬಹುಮಾನ ಪಡೆಯಲಿ ಎಂಬುದು ಅವನ ಆಸೆ. ಬೆಲೆಯನ್ನು ತಾನೇ ತೆರುವುದು ಆ ಲಕ್ಷಣ.

ನಮ್ಮ ಕಾಡಿನಲ್ಲಿ ಬೆಲೆ ತೆತ್ತವರು ಬೇರೆಯವರು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಸಮೀಪದ ನೆಲಬಾಂಬಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಅಪಹರಣಕ್ಕೊಳಗಾದ ಮಾಜಿ ಸಚಿವ ಎಚ್. ನಾಗಪ್ಪ ಡಿಸೆಂಬರ್ 8ರಂದು ಕಾಡಿನಲ್ಲಿ ಶವವಾಗಿ ಸಿಕ್ಕರು.

ಇವರೆಲ್ಲರಿಗಿಂತ ಮೊದಲು ಸತ್ತವರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಒಬ್ಬರು. ವೀರಪ್ಪನ್ನನ ಹುಟ್ಟೂರಾದ ಗೋಪಿನಾಥಂಗೇ ಹೋಗಿ, ಆ ಜನರ ವಿಶ್ವಾಸ ಗಳಿಸುವುದೇ ದಾರಿ ಎಂದು ನಂಬಿದವರು ಅವರು. ಹಳ್ಳಿಯ ಬಡವರಿಗೆ ಮನೆ ಕಟ್ಟಿಸಿದರು, ಔಷಧಿ ಒದಗಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿಗೆ ಹೋದರು. ಅಲ್ಲಿ ಅವರನ್ನು ಕೊಂದು ತಲೆ ಕಡಿದರು. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ದೊರೆಯಿತು. ಗೋಪಿನಾಥಂನ ಜನ ಇಂದಿಗೂ ಅವರನ್ನು ಭಕ್ತಿಯಿಂದ ನೆನೆಯುತ್ತಾರೆ.

ಕಡತಗಳಿಗೆ ಸಹಿ ಮಾಡುವ ಸರ್ಕಾರಿ ನೌಕರನನ್ನು ಯಾವ ಸಾಹಸಕಥೆಯೂ ನಾಯಕನನ್ನಾಗಿ ಆರಿಸುವುದಿಲ್ಲ. ಆದರೂ ಒಂಟಿತನ, ತಾನೇ ವಿಧಿಸಿಕೊಂಡ ಧರ್ಮ, ಅದಕ್ಕಾಗಿ ತನ್ನ ಪ್ರಾಣವನ್ನೇ ಒಡ್ಡುವ ಧೈರ್ಯ, ಇವೆಲ್ಲವೂ ಶ್ರೀನಿವಾಸ್ ಅವರಲ್ಲಿದ್ದವು. ಅಂದು ತರಗತಿಯಲ್ಲಿ ನಾನು ಹೇಳಬೇಕಾಗಿದ್ದದ್ದು ಅವರ ಕಥೆಯನ್ನು. ಆಗ ಅವರು ತೀರಿಕೊಂಡು ಒಂಬತ್ತು ವರ್ಷವೂ ತುಂಬಿರಲಿಲ್ಲ, ಅವರು ಓಡಾಡಿದ ಕಾಡು ನಮಗೆ ದೂರವೂ ಇರಲಿಲ್ಲ. ನನಗೆ ನೆನಪಾದದ್ದು ಮಾತ್ರ ಇಂಗ್ಲೆಂಡಿನ ಷರ್‌ವುಡ್ ಕಾಡು.

ಪ್ರಶ್ನೆ ಕೇಳಿದ ಶಿಷ್ಯನೇ, ನೀನು ಎಲ್ಲಿದ್ದರೂ ಚೆನ್ನಾಗಿರು. ಗದರಿಸಿದ್ದಕ್ಕೆ ಕ್ಷಮಿಸು. ನನ್ನ ಉತ್ತರ ಒಪ್ಪಿಗೆಯಾಗದಿದ್ದರೆ ಬರೆದು ತಿಳಿಸು. ಈ ಬಾರಿ ಕೂರಿಸುವುದಿಲ್ಲ.