ಎಷ್ಟು ಮ್ಯಾಚಿನಾಗ?

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದು ಚಹಾದಂಗಡಿ. ಅಲ್ಲಿ ಸಂಜೆ ಹೊತ್ತು ಬಂದು ಕೂಡುತ್ತಿದ್ದ ಕಾಕಾ ಒಬ್ಬರು ಕ್ರಿಕೆಟ್ಟಿನ ಲೆಕ್ಕದಲ್ಲಿ ಬಲು ಬಿಗಿ. ಯಾರಾದರೂ ಪೇಪರ್ ಬಿಡಿಸಿ ‘ಈ ವರ್ಷ ಇಂಥವ ಸಾವಿರ ರನ್ ದಾಟಿದ ನೋಡ್ರಿ’ ಎಂದು ಓದಿದರೆ, ಕಪ್ಪಿನ ಚಹಾವನ್ನು ಬಸಿಗೆ ಸುರುವಿಕೊಳ್ಳುತ್ತ ಅವರು ಕೇಳುತ್ತಿದ್ದುದು ಒಂದೇ ಮಾತು: “ಎಷ್ಟ್ ಮ್ಯಾಚಿನಾಗ ಹೊಡ್ದಾನ, ಅದು ಹೇಳ್ರಿ ಮೊದಲ.” ಆಗ ನಮಗೆ ಅದು ಬರೀ ಮೊಂಡುತನ ಅನ್ನಿಸುತ್ತಿತ್ತು. ಒಂದು ಋತುವಿನಲ್ಲಿ ಅತಿ ಹೆಚ್ಚು ರನ್ ಹೊಡೆದವರ ಎಂಬತ್ತು ವರ್ಷದ ಕಥೆಯನ್ನು ಸಾಲಾಗಿ ಇಟ್ಟು ನೋಡಿದ ಮೇಲೆ, ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗಂತೂ ಸಿಕ್ಕಿಲ್ಲ.

ಈ ಕಥೆಯನ್ನು ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಹೆದ್ದಾರಿ ಹಿಡಿದು ಮೂಡಣಕ್ಕೆ ಹೊರಟರೆ ಹೈದರಾಬಾದ್ ಮೂರು ತಾಸಿನ ದಾರಿ. ಬೆಂಗಳೂರಿಗೆ ರಾತ್ರಿ ಬಸ್ಸೇ ಗತಿ. 1956ರವರೆಗೆ ಈ ಊರುಗಳೆಲ್ಲ ಹೈದರಾಬಾದ್ ರಾಜ್ಯದವೇ. 1937-38ರಲ್ಲಿ ಹೈದರಾಬಾದ್ ತಂಡ ನವಾನಗರವನ್ನು ಒಂದೇ ವಿಕೆಟ್ಟಿನಿಂದ ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ಎತ್ತಿದಾಗ, ಅದು ನಮ್ಮದೇ ಸರ್ಕಾರದ ತಂಡ. ರಾಜ್ಯ ಬದಲಾದರೂ ಹಳಬರ ಮನಸ್ಸಿನಲ್ಲಿ ತಂಡ ಬದಲಾಗಲಿಲ್ಲ. ಹೀಗಾಗಿ ಹೈದರಾಬಾದ್ ಮತ್ತು ಕರ್ನಾಟಕ ಎದುರುಬದುರಾದಾಗ ಒಂದೇ ಮನೆಯಲ್ಲಿ ಎರಡು ಪಕ್ಷ. ಋತುವಿನ ರನ್ ದಾಖಲೆಯ ದೊಡ್ಡ ತಿರುವು ನಡೆದದ್ದೂ ಈ ಎರಡು ತಂಡಗಳ ನಡುವೆಯೇ.

ಮೊದಲು ಹಳೆಯ ಲೆಕ್ಕ. ರಣಜಿ ಟ್ರೋಫಿ ಶುರುವಾದದ್ದು 1934-35ರಲ್ಲಿ. ಸೋತವರು ಮನೆಗೆ ಎನ್ನುವ ಪದ್ಧತಿ. ಕಪ್ ಗೆದ್ದ ತಂಡಕ್ಕೂ ನಾಲ್ಕೈದು ಪಂದ್ಯಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಅಂಥ ಕಾಲದಲ್ಲಿ, 1944-45ರಲ್ಲಿ, ಮುಂಬೈಯ ರೂಸಿ ಮೋದಿ ಐದು ಪಂದ್ಯಗಳಲ್ಲಿ 1008 ರನ್ ಹೊಡೆದರು. ಶತಕ ಐದು, ಸರಾಸರಿ 201.60. ಅಂದರೆ ಇಡೀ ಋತುವಿನಲ್ಲಿ ಅವರು ಔಟಾದದ್ದು ಐದೇ ಸಲ. ಆ ವರ್ಷದ ಫೈನಲ್ಲಿನಲ್ಲಿ ಎದುರಾಳಿ ಹೋಳ್ಕರ್ ತಂಡಕ್ಕೆ ಆಡಿದವರು, ಯುದ್ಧದ ಕೆಲಸಕ್ಕೆಂದು ಭಾರತಕ್ಕೆ ಬಂದಿದ್ದ ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್. ಔಟಾಗದೆ 249 ಹೊಡೆದೂ ಸೋತರು. ಅದೇ ಕಾಂಪ್ಟನ್ 1947ರ ಇಂಗ್ಲೆಂಡ್ ಬೇಸಿಗೆಯಲ್ಲಿ 18 ಶತಕಗಳೊಂದಿಗೆ 3816 ರನ್ ಪೇರಿಸಿದರು. ಆ ಅಂಕಿ ಇವತ್ತಿಗೂ ಹಾಗೇ ನಿಂತಿದೆ. ಅಲ್ಲಿ ವಾರಕ್ಕೆ ಎರಡು ಪಂದ್ಯ ಆಡುತ್ತಿದ್ದ ಕಾಲ ಮುಗಿದುಹೋಯಿತು. ಇನ್ನು ಅದನ್ನು ಮುರಿಯುವವರು ಹುಟ್ಟಿದರೂ ಮುರಿಯಲು ಪಂದ್ಯಗಳಿಲ್ಲ.

ಮೋದಿಯವರ 1008 ನಲವತ್ತನಾಲ್ಕು ವರ್ಷ ಬಾಳಿತು. 1957-58ರಿಂದ ವಲಯವಾರು ಲೀಗ್ ಬಂದು ಪಂದ್ಯಗಳು ಒಂದಿಷ್ಟು ಹೆಚ್ಚಿದವು, ಆದರೂ ಸಾವಿರದ ಗಡಿ ದೂರವೇ ಉಳಿಯಿತು. ನಮ್ಮ ಕರ್ನಾಟಕದ ಸುವರ್ಣಕಾಲ ಎನ್ನುವ ಎಪ್ಪತ್ತರ ದಶಕವನ್ನೇ ನೋಡಿ. ಜಿ.ಆರ್. ವಿಶ್ವನಾಥ್ 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಎದುರು ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದವರು. 1977-78ರ ಫೈನಲ್ಲಿನಲ್ಲಿ ಉತ್ತರ ಪ್ರದೇಶದ ಎದುರು 247. ಬ್ರಿಜೇಶ್ ಪಟೇಲ್ ಜೊತೆಗಿದ್ದರು. 1973-74ರಲ್ಲಿ ಸತತ 15 ಸಲ ಗೆದ್ದಿದ್ದ ಮುಂಬೈಯನ್ನು ಪ್ರಸನ್ನ ನಾಯಕತ್ವದಲ್ಲಿ ಸೆಮಿಫೈನಲ್ಲಿನಲ್ಲಿ ಉರುಳಿಸಿ ಕಪ್ ತಂದರು. ಇಷ್ಟಾದರೂ ಋತುವಿನ ರನ್ ಪಟ್ಟಿಯ ತಲೆಯಲ್ಲಿ ಇವರ ಹೆಸರಿಲ್ಲ. ಆಟ ಕಡಿಮೆಯಾಗಿರಲಿಲ್ಲ, ಪಂದ್ಯ ಕಡಿಮೆ ಇದ್ದವು. ಕೊನೆಗೆ ಮೋದಿಯವರನ್ನು ದಾಟಿದ್ದು 1988-89ರಲ್ಲಿ, ತಮಿಳುನಾಡಿನ ಡಬ್ಲ್ಯು.ವಿ. ರಾಮನ್, 1018 ರನ್, ಅದರಲ್ಲಿ ಗೋವಾ ಎದುರಿನ ಒಂದು ತ್ರಿಶತಕ.

ಇನ್ನು 1998-99. ಅಷ್ಟು ಹೊತ್ತಿಗೆ ಲೀಗಿನ ಮೇಲೆ ಸೂಪರ್ ಲೀಗ್ ಕೂತು ಋತು ಉದ್ದವಾಗಿತ್ತು. ಕನ್ನಡಕ ಹಾಕಿಕೊಂಡು ಕ್ರೀಸಿಗೆ ಬರುತ್ತಿದ್ದ ವಿಜಯ್ ಭಾರದ್ವಾಜ್ ಆ ವರ್ಷ ಕರ್ನಾಟಕಕ್ಕೆ 1280 ರನ್ ಹೊಡೆದರು. ಅದುವರೆಗೆ ರಣಜಿಯ ಒಂದು ಋತುವಿನಲ್ಲಿ ಅಷ್ಟು ರನ್ ಯಾರೂ ಹೊಡೆದಿರಲಿಲ್ಲ. ಸರಾಸರಿ 75.29. ನೋಡುವುದಕ್ಕೆ ಅವರ ಆಟದಲ್ಲಿ ಅಬ್ಬರ ಏನೂ ಇರಲಿಲ್ಲ. ಬೆಂಗಳೂರಿನ ಫೈನಲ್ಲಿನಲ್ಲಿ ಮಧ್ಯಪ್ರದೇಶ ಮೊದಲ ಇನ್ನಿಂಗ್ಸಿನ ಮುನ್ನಡೆ ಪಡೆದಿತ್ತು. ಡ್ರಾ ಮಾಡಿಕೊಂಡರೆ ಕಪ್ ಅವರದು. ಕೊನೆಯ ದಿನ ಚಹಾ ಹೊತ್ತಿನವರೆಗೂ ಹಾಗೇ ಕಾಣುತ್ತಿತ್ತು. ಆಮೇಲೆ ರನ್ ದಾಖಲೆ ಬರೆದ ಆ ಮನುಷ್ಯನೇ ಆಫ್ ಸ್ಪಿನ್ ಹಾಕಿ ಆರು ವಿಕೆಟ್ ಕಿತ್ತು ಪಂದ್ಯ ಮುಗಿಸಿಬಿಟ್ಟರು. ಬ್ಯಾಟಿನಿಂದ ದಾಖಲೆ, ಚೆಂಡಿನಿಂದ ಕಪ್. ಇಂಥ ಋತು ಇನ್ನೊಬ್ಬರ ಪಾಲಿಗೆ ಬಂದದ್ದು ನನಗೆ ಗೊತ್ತಿಲ್ಲ. ಅದೇ ವರ್ಷ ನೈರೋಬಿಯ ಎಲ್‌ಜಿ ಕಪ್ಪಿನಲ್ಲಿ ಭಾರತಕ್ಕೆ ಆಡಿ ಸರಣಿಶ್ರೇಷ್ಠರಾದರು. ಆಮೇಲೆ ಅವರಿಗೆ ದಕ್ಕಿದ್ದು ಮೂರೇ ಟೆಸ್ಟ್.

ದಾಖಲೆಗೆ ಆಯುಸ್ಸು ಒಂದೇ ವರ್ಷ. 1999-2000ರಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ಒಂಬತ್ತು ಪಂದ್ಯಗಳಲ್ಲಿ 1415 ರನ್ ಹೊಡೆದರು. ಎಂಟು ಶತಕ, ಸರಾಸರಿ 108.84. ಅದೇ ಜನವರಿಯಲ್ಲಿ ಸಿಡ್ನಿ ಟೆಸ್ಟಿನಲ್ಲಿ 167 ಹೊಡೆದು ಬಂದಿದ್ದವರು ರಣಜಿಗೆ ಮರಳಿ ಹಸಿವು ತೀರದವರಂತೆ ಆಡಿದರು. ಏಪ್ರಿಲ್‌ನಲ್ಲಿ ಸೆಮಿಫೈನಲ್, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಎದುರಿಗೆ ಕರ್ನಾಟಕ. ಲಕ್ಷ್ಮಣ್ ಹೊಡೆದದ್ದು 353. ಕರ್ನಾಟಕದವನ ದಾಖಲೆಯನ್ನು ಅಳಿಸಿದ ಋತುವಿನ ದೊಡ್ಡ ಇನ್ನಿಂಗ್ಸ್ ಕರ್ನಾಟಕದ್ದೇ ಅಂಗಳದಲ್ಲಿ! ನಮ್ಮ ಚಹಾದಂಗಡಿಯಲ್ಲಿ ಆ ವಾರ ಎರಡು ಗುಂಪು. ಕಾಕಾ ಮಾತ್ರ ಎರಡೂ ಗುಂಪಿಗೆ ಸೇರದೆ, ಋತು ಮುಗಿದ ಮೇಲೆ ಪೆನ್ಸಿಲ್ಲಿನಿಂದ ಪೇಪರಿನ ಅಂಚಿನಲ್ಲಿ ಭಾಗಾಕಾರ ಮಾಡಿದರು. ಪಂದ್ಯಕ್ಕೆ ನೂರೈವತ್ತೇಳು ಚಿಲ್ಲರೆ ಬಂತು. “ಇಂವ ಮ್ಯಾಲ,” ಅಂದರು, ಅಷ್ಟೇ. ಆದರೂ ಫೈನಲ್ಲಿನಲ್ಲಿ ಹೈದರಾಬಾದ್ ಮುಂಬೈಗೆ ಸೋತಿತು.

ಆ ಭಾಗಾಕಾರವನ್ನೇ ಮೋದಿಯವರಿಗೆ ಹಾಕಿ ನೋಡಿ: ಪಂದ್ಯಕ್ಕೆ ಇನ್ನೂರರ ಮೇಲೆ.

ಇದು ಕ್ರಿಕೆಟ್ಟಿನ ಜಗಳ ಮಾತ್ರ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದೇ ಪ್ರಶ್ನೆ ದೇಶದ ದೊಡ್ಡ ತಕರಾರಾಗಿತ್ತು. ಅಲ್ಲಿ ಹೋಮ್ ರನ್ ಅಂದರೆ ನಮ್ಮ ಸಿಕ್ಸರಿನ ದಾಯಾದಿ. 1927ರಲ್ಲಿ ಬೇಬ್ ರೂತ್ 60 ಹೋಮ್ ರನ್ ಹೊಡೆದಾಗ ಋತುವಿಗೆ 154 ಪಂದ್ಯ. 1961ರಲ್ಲಿ ರೋಜರ್ ಮಾರಿಸ್ 61 ಹೊಡೆದರು, ಆದರೆ ಆ ವರ್ಷ ಅವರ ಲೀಗ್ ಪಂದ್ಯಗಳನ್ನು 162ಕ್ಕೆ ಏರಿಸಿತ್ತು. 154ರೊಳಗೆ ಮುರಿಯದಿದ್ದರೆ ಎರಡನ್ನೂ ಬೇರೆ ಬೇರೆ ಬರೆಯಬೇಕು ಎಂದು ಅಲ್ಲಿನ ಕಮಿಷನರ್ ಫೋರ್ಡ್ ಫ್ರಿಕ್ ಋತು ನಡೆಯುತ್ತಿರುವಾಗಲೇ ಹೇಳಿಬಿಟ್ಟರು. ಪಾಪ, ಮಾರಿಸ್ ಬದುಕಿರುವವರೆಗೂ ಆ ಕೊಕ್ಕೆ ಬಿಡಲಿಲ್ಲ. 2004ರಲ್ಲಿ ಜಪಾನಿನಿಂದ ಬಂದ ಇಚಿರೊ ಸುಜುಕಿ 262 ಹಿಟ್ ಗಳಿಸಿ, 1920ರಿಂದ ನಿಂತಿದ್ದ ಜಾರ್ಜ್ ಸಿಸ್ಲರ್ ಅವರ 257ನ್ನು ದಾಟಿದಾಗಲೂ ಪಂದ್ಯಗಳ ಮಾತು ಎದ್ದಿತು. ಹೋಮ್ ರನ್ನಿನಲ್ಲಿ ಮಾರ್ಕ್ ಮೆಗ್ವಾಯರ್ 1998ರಲ್ಲಿ 70, ಬ್ಯಾರಿ ಬಾಂಡ್ಸ್ 2001ರಲ್ಲಿ 73. ಅಲ್ಲಿಗೆ ಪಂದ್ಯದ ಲೆಕ್ಕ ಹಿಂದೆ ಸರಿದು ಮದ್ದಿನ ಲೆಕ್ಕ ಮುಂದೆ ಬಂತು. ಸ್ಟೆರಾಯ್ಡ್ ತೆಗೆದುಕೊಂಡಿದ್ದೆ ಎಂದು ಮೆಗ್ವಾಯರ್ 2010ರಲ್ಲಿ ಒಪ್ಪಿಕೊಂಡರು.

ನಮ್ಮಲ್ಲಿ 2000ದ ನಂತರ ದಾಖಲೆಯ ಹತ್ತಿರ ಬಂದವರು ಕೆಲವರು. ಮುಂಬೈಯ ಶ್ರೇಯಸ್ ಅಯ್ಯರ್ 2015-16ರಲ್ಲಿ 1321, ಗುಜರಾತಿನ ಪ್ರಿಯಾಂಕ್ ಪಾಂಚಾಲ್ ಮರುವರ್ಷ 1310. ಇಬ್ಬರ ತಂಡವೂ ಆಯಾ ವರ್ಷ ಕಪ್ ಗೆದ್ದಿತು. 2018-19ರಲ್ಲಿ ಒಂಬತ್ತು ಹೊಸ ತಂಡಗಳು ರಣಜಿಗೆ ಸೇರಿ ಒಟ್ಟು 37 ಆದವು. ದೆಹಲಿಯ ಮಿಲಿಂದ್ ಕುಮಾರ್ ಸಿಕ್ಕಿಂಗೆ ಹೋಗಿ ಪ್ಲೇಟ್ ಗುಂಪಿನಲ್ಲಿ ಎಂಟು ಪಂದ್ಯಕ್ಕೆ 1331 ಹೊಡೆದರು, ಸರಾಸರಿ 121. ಇಲ್ಲಿ ಕಾಕಾ ಅವರ ಪ್ರಶ್ನೆಯೂ ಸಾಲದು. ‘ಯಾರ ಬೌಲಿಂಗಿಗೆ’ ಎಂದೂ ಕೇಳಬೇಕಾಗುತ್ತದೆ. ಮೊದಲ ಸಲ ರಣಜಿ ಆಡುತ್ತಿದ್ದ ತಂಡಗಳ ಎದುರು ಹೊಡೆದ ರನ್ನನ್ನು ಲಕ್ಷ್ಮಣ್ ಅವರ ರನ್ನಿನ ಪಕ್ಕ ಇಡಲು ನನಗೆ ಮನಸ್ಸಿಲ್ಲ.

ಕರ್ನಾಟಕದವರಲ್ಲಿ ಕೆ.ಎಲ್. ರಾಹುಲ್ 2013-14ರಲ್ಲಿ 1033, ರಾಬಿನ್ ಉತ್ತಪ್ಪ 2014-15ರಲ್ಲಿ 912. ಎರಡೂ ವರ್ಷ ಕಪ್ ನಮ್ಮದು. ಆದರೆ ನಿಂತು ನೋಡಬೇಕಾದ ಋತು ಮಯಂಕ್ ಅಗರ್ವಾಲ್ ಅವರ 2017-18. ಪುಣೆಯಲ್ಲಿ ಮಹಾರಾಷ್ಟ್ರದ ಎದುರು ಔಟಾಗದೆ 304; ನವೆಂಬರ್ ಒಂದೇ ತಿಂಗಳಲ್ಲಿ ಸಾವಿರದ ಮೇಲೆ ರನ್. ರಣಜಿಯ ಎಂಟು ಪಂದ್ಯಗಳಲ್ಲಿ 1160. ಕಡೆಗೆ ಕೋಲ್ಕತ್ತದ ಸೆಮಿಫೈನಲ್ಲಿನಲ್ಲಿ ಕರ್ನಾಟಕ ವಿದರ್ಭಕ್ಕೆ ಸೋತದ್ದು ಐದು ರನ್ನಿನಿಂದ. ಅವರು ಅಲ್ಲಿಗೆ ನಿಲ್ಲಲಿಲ್ಲ. ಸೈಯದ್ ಮುಷ್ತಾಕ್ ಅಲಿ ಟಿ20ಯಲ್ಲಿ 258, ವಿಜಯ್ ಹಜಾರೆಯಲ್ಲಿ ಎಂಟು ಇನ್ನಿಂಗ್ಸಿಗೆ 723. ಒಟ್ಟು 2141. ಭಾರತದ ದೇಶೀಯ ಋತುವೊಂದರಲ್ಲಿ ಅದುವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ಬಿಳಿ ಬಟ್ಟೆ, ಬಣ್ಣದ ಬಟ್ಟೆ ಎರಡರಲ್ಲೂ ಒಂದೇ ಹದ. ವಿಜಯ್ ಹಜಾರೆ ಕಪ್ ಕರ್ನಾಟಕಕ್ಕೆ ಬಂತು, ಮಯಂಕ್‌ಗೆ ಟೆಸ್ಟ್ ಟೋಪಿ ಬಂದದ್ದು 2018ರ ಡಿಸೆಂಬರಿನಲ್ಲಿ, ಮೆಲ್ಬರ್ನ್‌ನಲ್ಲಿ.

ಐಪಿಎಲ್ ಲೆಕ್ಕ ಚಿಕ್ಕದು. 2016ರಲ್ಲಿ ವಿರಾಟ್ ಕೊಹ್ಲಿ ಆರ್‌ಸಿಬಿಗೆ 16 ಪಂದ್ಯಗಳಲ್ಲಿ 973 ರನ್, ನಾಲ್ಕು ಶತಕ. ಅದಕ್ಕೂ ಮೊದಲಿನ ಗರಿಷ್ಠ 733. ಆಮೇಲೆ 17 ಪಂದ್ಯ ಆಡಿದ ಶುಭಮನ್ ಗಿಲ್ 2023ರಲ್ಲಿ 890ಕ್ಕೆ ನಿಂತರು. ಆದರೆ 2016ರ ಮೇ 29ರಂದು ಬೆಂಗಳೂರಿನ ಫೈನಲ್ಲಿನಲ್ಲಿ ಎಂಟು ರನ್ನಿನಿಂದ ಗೆದ್ದವರು ಯಾರು? ಸನ್‌ರೈಸರ್ಸ್ ಹೈದರಾಬಾದ್. ನಮ್ಮ ಹೆದ್ದಾರಿಯ ಮನೆಗಳಲ್ಲಿ ಆ ರಾತ್ರಿ ಅರ್ಧ ಮನೆ ಉಂಡಿತು, ಅರ್ಧ ಮನೆ ಉಣ್ಣಲಿಲ್ಲ.

ಕರುಣ್ ನಾಯರ್ 2024-25ರಲ್ಲಿ ವಿಜಯ್ ಹಜಾರೆಯಲ್ಲಿ 779 ರನ್ ಹೊಡೆದದ್ದನ್ನೂ ಸೇರಿಸಬೇಕು. ನಡುವೆ 542 ರನ್ ಆಗುವವರೆಗೆ ಔಟೇ ಆಗಿರಲಿಲ್ಲ. ಆದರೆ ಆಡಿದ್ದು ವಿದರ್ಭಕ್ಕೆ. ಕರ್ನಾಟಕ ಆ ಹೊತ್ತಿಗೆ ಅವರನ್ನು ಬಿಟ್ಟಿತ್ತು. ಅದರ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಲೇಖನವಾದೀತು. ರಣಜಿಯಲ್ಲಿ ಲಕ್ಷ್ಮಣ್ ಅವರ 1415ನ್ನು 2024-25ರ ಋತು ಮುಗಿಯುವವರೆಗೂ ಯಾರೂ ದಾಟಿಲ್ಲ. ನನ್ನ ತೀರ್ಪು ಕೇಳಿದರೆ, ದಾಖಲೆ ಲಕ್ಷ್ಮಣ್ ಅವರದು, ಹೆಚ್ಚುಗಾರಿಕೆ ಮೋದಿಯವರದು, ಪ್ರೀತಿ ಭಾರದ್ವಾಜರ ಮೇಲೆ.

ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ, ತೇರು ಎಳೆಯುವ ಮೈದಾನಗಳಲ್ಲಿ, ನಮ್ಮ ಎರಡೂ ತಾಲ್ಲೂಕುಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುತ್ತವೆ. ಸ್ಕೋರ್ ಬರೆಯುವ ಹುಡುಗ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಬರೆಯುತ್ತಾನೆ. ಕಪ್ ಹಂಚಿದ ಮರುದಿನ ಆ ನೋಟ್‌ಬುಕ್ ರದ್ದಿಗೆ ಹೋಗುತ್ತದೆ. ಟೂರ್ನಮೆಂಟ್ ನಡೆಸುವ ಅಣ್ಣಂದಿರಲ್ಲಿ ಒಂದು ವಿನಂತಿ: ಆ ಪುಸ್ತಕ ಎತ್ತಿಡಿ. ಒಬ್ಬೊಬ್ಬ ಬ್ಯಾಟ್ಸ್‌ಮನ್ ಹೆಸರಿನ ಮುಂದೆ ರನ್ ಬರೆಯುವ ಮೊದಲು ಎಷ್ಟು ಮ್ಯಾಚು ಅನ್ನುವುದನ್ನು ಬರೆಯಿರಿ.