ವಿಮೆಯ ಹಣ ಮತ್ತು ತಾಲ್ಲೂಕು ಆಸ್ಪತ್ರೆ

ಆರೋಗ್ಯ ವಿಮೆ ಹೆಚ್ಚು ಜನರನ್ನು ತಲುಪಿದಷ್ಟೂ ಗ್ರಾಮೀಣ ಆಸ್ಪತ್ರೆಗಳ ಹಣಕಾಸು ಸುಧಾರಿಸುತ್ತದೆ ಎಂಬ ವಾದಕ್ಕೆ ಗಟ್ಟಿ ಆಧಾರ ಸಿಕ್ಕಿರುವುದು ಅಮೆರಿಕದಲ್ಲಿ. 2014ರಿಂದ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಿದ ರಾಜ್ಯಗಳಲ್ಲಿ ಆಸ್ಪತ್ರೆಗಳಿಗೆ ಬೀಗ ಬೀಳುವುದು ಕಡಿಮೆಯಾಯಿತು, ಅದರಲ್ಲೂ ಹಳ್ಳಿಗಾಡಿನಲ್ಲಿ. ಅಲ್ಲಿ ಬಡ ರೋಗಿಯ ಬಿಲ್ಲು ವಸೂಲಾಗದೆ ಉಳಿಯುತ್ತಿತ್ತು. ವಿಮೆ ಆ ಬಾಕಿಯನ್ನು ಆದಾಯವಾಗಿಸಿತು. ನಮ್ಮ ತಾಲ್ಲೂಕು ಆಸ್ಪತ್ರೆಯ ಲೆಕ್ಕದಲ್ಲಿ ಅಂಥ ದೊಡ್ಡ ಬಾಕಿಯೇ ಇರುವುದಿಲ್ಲ. ಸಂಬಳ ಖಜಾನೆಯದು, ಔಷಧ ಬಹುಪಾಲು ಸರ್ಕಾರದ ಸರಬರಾಜು. ಹಾಗಾಗಿ ಇಲ್ಲಿ ವಿಮೆ ಹಳೆಯ ನಷ್ಟ ತುಂಬುವುದಿಲ್ಲ, ಮಾಡಿದ ಕೆಲಸಕ್ಕೆ ಮಾತ್ರ ಹಣ ಕೊಡುತ್ತದೆ.

ಕೆಲಸ ಎಲ್ಲಿ ನಡೆಯುತ್ತದೋ ಹಣವೂ ಅಲ್ಲಿಗೇ. 2010ರಲ್ಲಿ ಆಗಿನ ಗುಲ್ಬರ್ಗಾ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ವಿಮಾ ಯೋಜನೆ ಜೀವ ಉಳಿಸಿದ್ದರಲ್ಲಿ ಸಂಶಯವಿಲ್ಲ: 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನದಂತೆ, ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಾದ ಸಾವು ಫಲಾನುಭವಿ ಹಳ್ಳಿಗಳಲ್ಲಿ ಶೇ 0.32, ಉಳಿದವುಗಳಲ್ಲಿ ಶೇ 0.90. ಆದರೆ ಹೃದಯ, ಕ್ಯಾನ್ಸರ್ ಚಿಕಿತ್ಸೆಯ ಹಣ ಸೇರಿದ್ದು ನಗರದ ದೊಡ್ಡ ಆಸ್ಪತ್ರೆಗಳಿಗೆ. ಶಸ್ತ್ರಚಿಕಿತ್ಸೆ ಅಲ್ಲೇ ಸಾಧ್ಯವಿದ್ದುದರಿಂದ ಇದನ್ನು ತಪ್ಪೆನ್ನಲಾಗದು. ತಾಲ್ಲೂಕಿಗೆ ಲಾಭವಾಯಿತು ಎನ್ನಲೂ ಆಗದು.

2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಈ ಕೊರತೆಯನ್ನು ನೀಗಿದೆ ಎಂಬ ಆಕ್ಷೇಪ ಬರಬಹುದು. ಸರಳವಾದ ದ್ವಿತೀಯ ಹಂತದ ಚಿಕಿತ್ಸೆಗಳನ್ನು ಅದು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಟ್ಟಿತು. ತುರ್ತು ಪ್ರಕರಣಗಳನ್ನು ಬಿಟ್ಟು ಉಳಿದವಕ್ಕೆ ಅಲ್ಲಿಂದಲೇ ಶಿಫಾರಸು ಬೇಕು. ಆದರೆ ಮೀಸಲಾತಿಯಿಂದ ಹಕ್ಕು ಬರುತ್ತದೆ, ಅರಿವಳಿಕೆ ತಜ್ಞರು ಬರುವುದಿಲ್ಲ. ತೊಡೆಮೂಳೆ ಮುರಿದು ಬಂದವರ ಕಾರ್ಡನ್ನು ಯೋಜನೆಯ ಸಹಾಯಕ ಸಿಬ್ಬಂದಿಯಾದ ಆರೋಗ್ಯಮಿತ್ರ ದಾಖಲಿಸಿಕೊಂಡು ಎಕ್ಸ್‌ರೇ ಅಪ್‌ಲೋಡ್ ಮಾಡಬಹುದು. ಆದರೆ ಅರಿವಳಿಕೆ ಕೊಡುವವರಿಲ್ಲದಿದ್ದರೆ, ಒಳಗೆ ಹಾಕುವ ರಾಡು ಸ್ಟೋರಿನಲ್ಲಿಲ್ಲದಿದ್ದರೆ, ಉಳಿಯುವುದು ರೆಫರಲ್ ಚೀಟಿ ಬರೆಯುವುದೊಂದೇ. ಚೀಟಿಯ ಜೊತೆಗೆ ಪ್ಯಾಕೇಜಿನ ಹಣವೂ ಹೊರಡುತ್ತದೆ.

ಬಂದ ಕ್ಲೇಮಿನ ಹಣದಿಂದಲೇ ತಜ್ಞರನ್ನು ಕರೆಸಬಹುದಲ್ಲ, ಕ್ರಮೇಣ ಆಸ್ಪತ್ರೆ ತಾನೇ ಬೆಳೆಯುತ್ತದೆ ಎನ್ನುವ ಇನ್ನೊಂದು ವಾದವಿದೆ. ಈಗಾಗಲೇ ಶಸ್ತ್ರಚಿಕಿತ್ಸೆ ನಡೆಯುತ್ತಿರುವ ಕಡೆ ಇದು ನಿಜ. ಉಳಿದೆಡೆ ಅಡ್ಡಿಯಿರುವುದು ಮೊತ್ತದಲ್ಲಲ್ಲ, ಅನುಕ್ರಮದಲ್ಲಿ: ತಜ್ಞರು ಬೇಕಿರುವುದು ಶಸ್ತ್ರಚಿಕಿತ್ಸೆಗೆ ಮೊದಲು, ಕ್ಲೇಮು ಬರುವುದು ಡಿಸ್ಚಾರ್ಜ್ ಆದ ಮೇಲೆ. ಆದ್ದರಿಂದ ಪ್ಯಾಕೇಜ್ ದರ ಏರಿಸುವ ಮೊದಲು, ಮುಂದಿನ ಕ್ಲೇಮುಗಳಲ್ಲಿ ಮುರಿದುಕೊಳ್ಳುವ ಷರತ್ತಿನ ಮೇಲೆ ತಾಲ್ಲೂಕು ಆಸ್ಪತ್ರೆಗಳಿಗೆ ಮುಂಗಡ ಕೊಡಬೇಕು.